ಕಮಟಾದ ಮೇಲೆ ಲವಂಗ ನೆನಪಾದರೆ ಏನು ಬಂತು?

ಮೊನ್ನೆ ಮಗಳ ಮನೆಗೆ ಹೋಗಿದ್ದೆ. ಒಗ್ಗರಣೆಗೆ ಅಂತ ಶೇಂಗಾ ಎಣ್ಣೆಯ ಮುಚ್ಚಳ ತೆಗೆದರೆ, ಹಳೇ ಪೇಂಟ್ ಡಬ್ಬಿ ತೆಗೆದ ಹಾಗೆ ವಾಸನೆ! ಗಾಣದಲ್ಲಿ ಐದು ಲೀಟರ್ ಹಿಂಡಿಸಿ ತಂದು, ಬಿಳೀ ಪ್ಲಾಸ್ಟಿಕ್ ಕ್ಯಾನಿನಲ್ಲಿ, ಗ್ಯಾಸ್ ಒಲೆಯ ಪಕ್ಕ, ಕಿಟಕಿ ಬಿಸಿಲಿಗೇ ಇಟ್ಟಿದ್ದಾಳೆ. ಬಾಗಲಕೋಟೆಯ ಏಪ್ರಿಲ್ ಬಿಸಿಲು ಅಂದರೆ ಸುಮ್ನೇನಾ? ಸಾಲದ್ದಕ್ಕೆ ಫೋನಿನಲ್ಲಿ ಏನೋ ನೋಡಿ ಅರ್ಧ ಸೀಸೆ ಲವಂಗದ ಎಣ್ಣೆ ಸುರಿದಿದ್ದಾಳೆ. ಈಗ ಕಮಟಿನ ಜೊತೆ ಹಲ್ಲಿನ ಡಾಕ್ಟರ್ ಕೋಣೆಯ ವಾಸನೆ.

ಲವಂಗದ ಎಣ್ಣೆ ತಪ್ಪಲ್ಲ, ಹಾಕಿದ ಹೊತ್ತು ತಪ್ಪು. ಲವಂಗದಲ್ಲಿ ಯೂಜಿನಾಲ್ ಇದೆ, ಓಂಕಾಳಿನಲ್ಲಿ ಥೈಮಾಲ್ ಇದೆ. ಗಾಳಿ ತಾಗಿ ಎಣ್ಣೆ ಕೆಡುವುದನ್ನು ಇವು ತಡ ಮಾಡುತ್ತವೆ, ಅಷ್ಟೇ. ಕೆಟ್ಟಿದ್ದನ್ನು ಸರಿ ಮಾಡೋಕೆ ಬರೋದಿಲ್ಲ. ಮೊಸರನ್ನು ತಿರುಗಿ ಹಾಲು ಮಾಡೋಕಾಗುತ್ತಾ?

ನಮ್ಮ ಅತ್ತೆಗೆ ಯೂಜಿನಾಲ್ ಅಂದರೆ ಗೊತ್ತಿರಲಿಲ್ಲ. ಎತ್ತಿನ ಗಾಣದಿಂದ ಎಣ್ಣೆ ಬಂದರೆ, ತಳಕ್ಕೆ ಗಸಿ ಕೂರುವ ತನಕ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಆಮೇಲೆ ತಿಳಿ ಬಸಿದು ಬರಣಿಗೆ ತುಂಬಿ, ಚೆನ್ನಾಗಿ ಒಣಗಿದ ನಾಲ್ಕು ಲವಂಗ ಹಾಕಿ ಬಾಯಿ ಕಟ್ಟುತ್ತಿದ್ದರು. ಕುಸುಬಿ ಎಣ್ಣೆಗೆ ಇನ್ನೆರಡು ಜಾಸ್ತಿ. ನಮ್ಮ ಕಡೆಯ ಹಳೇ ಕುಸುಬಿಯಲ್ಲಿ ಲಿನೋಲಿಯಿಕ್ ಆಮ್ಲ ಅನ್ನೋ ಕೊಬ್ಬಿನ ಅಂಶವೇ ಜಾಸ್ತಿ, ಗಾಳಿಗೆ ಅದು ಬೇಗ ಸೋಲುತ್ತದೆ. ಎಳ್ಳೆಣ್ಣೆಗೆ ಮಾತ್ರ ಏನೂ ಹಾಕುತ್ತಿರಲಿಲ್ಲ, ಅದರ ಕಾವಲು ಅದರೊಳಗೇ ಇದೆ.

ನಾನು ಈಗ ಲವಂಗದ ಬದಲು ಅದರ ಎಣ್ಣೆ ಹಾಕುತ್ತೇನೆ. ಆದರೆ ಮೊದಲು ಸೀಸೆ. ಬಣ್ಣದ ಗಾಜಿನ ಸಣ್ಣ ಸೀಸೆಗಳನ್ನೇ ತಗೊಳ್ಳಿ. ತೊಳೆದು ಇಡೀ ದಿನ ಬಿಸಿಲಿಗೆ ಬೋರಲು ಹಾಕಿ. ಒಣಗಿತು ಅಂತ ನಂಬಬೇಡಿ! ಕೊರಳ ಹತ್ತಿರ ತೇವ ಅಡಗಿ ಕೂತಿರುತ್ತದೆ. ಒಳಗೆ ಚಿಟಿಕೆ ಜೋಳದ ಹಿಟ್ಟು ಹಾಕಿ ತಿರುಗಿಸಿ ನೋಡಿ. ಗಾಜಿಗೆ ಅಂಟಿದರೆ ಮತ್ತೆ ತೊಳೆದು ಒಣಗಿಸಿ, ಅಂಟದಿದ್ದರೆ ತಟ್ಟಿ ಕೊಡವಿ, ಕಡ್ಡಿಗೆ ಒಣ ಬಟ್ಟೆ ಸುತ್ತಿ ಒಳಗೆಲ್ಲ ಒರೆಸಿ. ಮಗಳು ನಗುತ್ತಾಳೆ. ನಗಲಿ, ಎಣ್ಣೆ ಕೆಟ್ಟಿದ್ದು ಯಾರದು?

ಆಮೇಲೆ ಒಂದು ಸೌಟು ಹೊಸ ಎಣ್ಣೆ ಬಟ್ಟಲಿಗೆ ತಗೊಂಡು, ಕಿಲೋಗೆ ಮೂರ್ನಾಲ್ಕು ಹನಿ ಲೆಕ್ಕದಲ್ಲಿ ಲವಂಗದ ಎಣ್ಣೆ ಬಿಟ್ಟು, ಎರಡೂ ಒಂದಾಗುವ ತನಕ ನಿಧಾನ ಕಲಸಿ. ಅದನ್ನು ಸೀಸೆಗೆ ಹಾಕಿ ಮೇಲೆ ಉಳಿದ ಎಣ್ಣೆಯನ್ನು ಕೊರಳಿನ ತನಕ ತುಂಬಿ. ಮೇಲೆ ಜಾಗ ಬಿಟ್ಟರೆ ಅಲ್ಲಿ ಗಾಳಿ ಸಂಸಾರ ಹೂಡುತ್ತದೆ. ಮುಚ್ಚಿ, ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ವಾಲಿಸಿ. ಮಜ್ಜಿಗೆ ಕಡೆದ ಹಾಗೆ ಕುಲುಕಬೇಡಿ. ತಿನ್ನೋಕೆ ಆಗುವ ಲವಂಗದ ಎಣ್ಣೆಯೇ ಆಗಬೇಕು, ಕೋಣೆಗೆ ಸುವಾಸನೆ ಬಿಡುವುದಲ್ಲ. ಲವಂಗದ ಎಣ್ಣೆಯ ಆ ಪುಟ್ಟ ಸೀಸೆ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ, ಮಗು ಒಂದು ಗುಟುಕು ಕುಡಿದರೂ ವಿಷ.

ಭಜಿ ಕರಿಯುವಾಗ ಲವಂಗದ ಎಣ್ಣೆಯಿಂದ ಉಪಕಾರವಿಲ್ಲ, ಕಾದ ಎಣ್ಣೆಯಿಂದ ಅದು ಹಾರಿಹೋಗುತ್ತದೆ. ತಾಮ್ರ, ಹಿತ್ತಾಳೆ ಪಾತ್ರೆಯಲ್ಲಂತೂ ಎಣ್ಣೆ ಇಡಲೇಬೇಡಿ, ತಾಮ್ರ ತಾಗಿದರೆ ಬೇಗ ಕಮಟಾಗುತ್ತದೆ.

ತಳದಲ್ಲಿ ಉಳಿದ ಹಳೇದರ ಮೇಲೆ ಹೊಸದನ್ನು ಸುರಿಯುವವರೂ ಇದ್ದಾರೆ. ಹಳೇದು ಹೊಸದನ್ನೂ ಕೆಡಿಸುತ್ತದೆ, ಅಲ್ವಾ?

ಮಗಳ ಐದು ಲೀಟರಿನಲ್ಲಿ ಗೇಟಿನ ಕೀಲಿಗೆ ಸ್ವಲ್ಪ ಹಚ್ಚಿದೆ. ಉಳಿದದ್ದನ್ನು ದೇವರ ದೀಪಕ್ಕೆ ಹಾಕುತ್ತೇನೆ ಅಂದಳು. ದೇವರಿಗೆ ಮೂಗಿಲ್ವಾ?