ಚೆನ್ನೆಮಣೆಯಿಂದ ಪೈಥಾನಿಗೆ: ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಒಂದು ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಗು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಆಡುತ್ತದೆ, ಪೇಟೆಯಲ್ಲಿ ಮಲಯಾಳಂ ಮಾತಾಡುತ್ತದೆ, ತರಗತಿಯಲ್ಲಿ ಪುಸ್ತಕದ ಕನ್ನಡ ಓದುತ್ತದೆ, ಕಂಪ್ಯೂಟರಿನ ಮುಂದೆ ಕುಳಿತ ಕೂಡಲೇ ಇಂಗ್ಲಿಷಿನ ಮುಂದೆ ಕುಳಿತಂತಾಗುತ್ತದೆ. ನಮ್ಮಲ್ಲಿ ಸಲಕರಣೆಗೆ ಅಂತಹ ಕೊರತೆಯಿಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯೇ 2017ರಲ್ಲಿ, ಶಾಲೆಗಳ ತಂತ್ರಜ್ಞಾನ ಶಿಕ್ಷಣವನ್ನು ನೋಡಿಕೊಳ್ಳುವ ಕೈಟ್ ಸಂಸ್ಥೆಯಾಯಿತು. 2018ರಿಂದ ಪ್ರೌಢಶಾಲೆಗಳಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕ್ಲಬ್ಬುಗಳಿವೆ. ಶಾಲೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇದೆ, ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯಪುಸ್ತಕ ಕನ್ನಡದಲ್ಲಿಯೂ ಸಿಗುತ್ತದೆ. ಕಷ್ಟವಿರುವುದು ಬೇರೆ ಕಡೆ. ತಾನು ದಿನವೂ ಮಾಡುವ ಕೆಲಸವನ್ನು ಏನೂ ತಿಳಿಯದವನಿಗೆ ಒಂದೊಂದೇ ಹೆಜ್ಜೆಯಾಗಿ ಹೇಳಿಕೊಡುವ ಅಭ್ಯಾಸ ಮಗುವಿಗೆ ಇರುವುದಿಲ್ಲ, ಕಲಿಸುವ ನಮಗೂ ಇರುವುದಿಲ್ಲ. ಊರಿನ ವಾಚನಾಲಯದಲ್ಲಿ ಶನಿವಾರಗಳಂದು ಮಕ್ಕಳನ್ನು ಕೂರಿಸಿಕೊಂಡು ನಾನು ಕಂಡುಕೊಂಡ ಕ್ರಮವನ್ನು, ಹೆತ್ತವರಿಗೂ ಶಿಕ್ಷಕರಿಗೂ ಉಪಯೋಗವಾದೀತೆಂದು, ಇಲ್ಲಿ ವಿವರಿಸುತ್ತೇನೆ.

ಮೊದಲ ವರ್ಷ ನಾನು ನೇರವಾಗಿ ಕೀಲಿಮಣೆಯಿಂದಲೇ ತೊಡಗಿದೆ. ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ಚಾಚೂ ತಪ್ಪದೆ ಟೈಪ್ ಮಾಡಿದರು, ಎಲ್ಲವೂ ಸರಿಯಾಗಿ ಓಡಿತು, ನಾನೂ ಹಿಗ್ಗಿದೆ. ಮುಂದಿನ ವಾರ ಅದೇ ಪ್ರೋಗ್ರಾಮಿನಲ್ಲಿ ಒಂದು ಅಂಕೆಯನ್ನು ಬದಲಿಸಿ, ಈಗ ಏನಾದೀತೆಂದು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಅವರು ಕಲಿತದ್ದು ನಕಲು ಮಾಡುವುದನ್ನು ಮಾತ್ರ.

ಆದ್ದರಿಂದ ಎಲ್‌ಪಿ (ಒಂದರಿಂದ ನಾಲ್ಕನೆಯ) ತರಗತಿಯ ಮಕ್ಕಳಿಗೆ ಕಂಪ್ಯೂಟರನ್ನು ತೋರಿಸುವ ಅವಸರ ಬೇಡ. ಮಳೆಗಾಲದಲ್ಲಿ ಕರೆಂಟು ಹೇಗೂ ಹೋಗುತ್ತದೆ. ಆ ಹೊತ್ತನ್ನೇ ಪಾಠಕ್ಕೆ ಬಳಸಬಹುದು. ಜಗಲಿಯಲ್ಲಿ ಒಂದು ಬಳ್ಳಿ (ಹಗ್ಗ) ಮತ್ತು ಕೊಡಪಾನ ಇಟ್ಟು, ಬಾವಿಯಿಂದ ನೀರು ಸೇದುವುದು ಹೇಗೆಂದು ಒಂದು ಮಗು ಹೇಳಲಿ, ಹೇಳಿದಷ್ಟನ್ನೇ ಇನ್ನೊಂದು ಮಗು ಮಾಡಲಿ. "ಬಳ್ಳಿ ಎಳೆ" ಎಂದಾಗ ಎಳೆಯುವವನು ಒಮ್ಮೆ ಎಳೆದು ಸುಮ್ಮನೆ ನಿಲ್ಲಬೇಕೆಂದು ಅವನಿಗೆ ಮೊದಲೇ ಗುಟ್ಟಾಗಿ ಹೇಳಿಡಿ. "ಇನ್ನೂ ಎಳೆ" ಎಂದರೆ ಇನ್ನೊಮ್ಮೆ. ಸ್ವಲ್ಪ ಹೊತ್ತು ನಗು, ಆಮೇಲೆ ಸಿಟ್ಟು, ಕೊನೆಗೆ ಯಾರಾದರೊಬ್ಬರು "ಕೊಡಪಾನ ಕೈಗೆ ಸಿಗುವವರೆಗೆ ಎಳೆ" ಎನ್ನುತ್ತಾರೆ. ಆವರ್ತನೆ ಮತ್ತು ಷರತ್ತು ಎಂಬ ಎರಡು ಪರಿಕಲ್ಪನೆಗಳನ್ನು ಮಗು ಆ ಒಂದು ವಾಕ್ಯದಲ್ಲಿ ತಾನಾಗಿಯೇ ಕಟ್ಟಿರುತ್ತದೆ. ಅವುಗಳ ಹೆಸರನ್ನು ನಾವು ಅನಂತರ ಹೇಳಿದರೆ ಸಾಕು. ಈ ಹಂತದಲ್ಲಿ ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಹೇಳಲಿ, ತಿದ್ದಬಾರದು. ಯೋಚನೆ ನಡೆಯುವುದು ಮನೆಮಾತಿನಲ್ಲಿ.

ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಸಿದ್ಧವಾದುದು 1967ರಲ್ಲಿ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಸೀಮರ್ ಪೇಪರ್ಟ್ ಒತ್ತುಕೊಟ್ಟ ಒಂದು ಉಪಾಯ ಇಂದಿಗೂ ಹಳತಾಗಿಲ್ಲ: ಆಜ್ಞೆಯಂತೆ ಗೆರೆ ಎಳೆಯುತ್ತಾ ಸಾಗುವ ತೆರೆಯ ಮೇಲಿನ ಆಮೆ ಎತ್ತ ತಿರುಗಬೇಕೆಂದು ತಿಳಿಯದಿದ್ದರೆ ಮಗು ತಾನೇ ಆಮೆಯಾಗಿ ನಡೆದುನೋಡಲಿ. ಯುಪಿ (ಐದರಿಂದ ಏಳನೆಯ) ತರಗತಿಗೆ ಬಂದು, ಆಜ್ಞೆಗಳ ತುಣುಕುಗಳನ್ನು ಜೋಡಿಸಿ ಪ್ರೋಗ್ರಾಮು ಕಟ್ಟುವ ಸ್ಕ್ರ್ಯಾಚ್ ಹಿಡಿದಾಗ ಇದು ಬಹಳ ನೆರವಾಗುತ್ತದೆ. ಚೌಕವನ್ನು ಬರೆಯುವುದು ಸುಲಭ. ಮುಂದೆ ಹೋಗು, 90 ಡಿಗ್ರಿ ತಿರುಗು, ಹೀಗೆ ನಾಲ್ಕು ಸಲ. ಸಮಬಾಹು ತ್ರಿಕೋನದಲ್ಲಿ ಬಹುತೇಕ ಎಲ್ಲರೂ ಎಡವುತ್ತಾರೆ, ಏಕೆಂದರೆ ಗಣಿತದ ತರಗತಿಯಲ್ಲಿ ಅದರ ಕೋನ 60 ಎಂದು ಕಲಿತಿರುತ್ತಾರೆ, 60 ಎಂದೇ ಹಾಕುತ್ತಾರೆ, ಆಗ ತೆರೆಯ ಮೇಲೆ ಷಟ್ಕೋನದ ಅರ್ಧ ಮೂಡುತ್ತದೆ. ಉತ್ತರ ಹೇಳಬೇಡಿ. ನೆಲದಲ್ಲಿ ಸೀಮೆಸುಣ್ಣದಿಂದ ತ್ರಿಕೋನ ಎಳೆದು ಅದರ ಮೇಲೆ ನಡೆಯಿಸಿ. ಮೂಲೆಗೆ ಬಂದಾಗ ತನ್ನ ಮೂಗು ಎಷ್ಟು ತಿರುಗಿತು ಎಂದು ನೋಡಿದ ಮಗುವಿಗೆ, ಒಳಗಿನ ಕೋನ ಬೇರೆ, ತಾನು ತಿರುಗಬೇಕಾದ 120 ಬೇರೆ ಎಂಬುದು ತಿಳಿಯುತ್ತದೆ.

ಸ್ಕ್ರ್ಯಾಚಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಕ್ಕಳು ಅದನ್ನು ನಮಗಿಂತ ಬೇಗ ಹಿಡಿಯುತ್ತಾರೆ. ಯಕ್ಷಗಾನದ ಮೇಳ ಕಂಡ ಮಕ್ಕಳಿಗೆ ಸ್ಕ್ರ್ಯಾಚಿನ ವಾದ್ಯಗಳ ವಿಭಾಗದಲ್ಲಿ ಏಳು ಮಾತ್ರೆಯ ತ್ರಿಪುಟೆ ತಾಳವನ್ನು ನುಡಿಸಲು ಕೊಟ್ಟರೆ ಆವರ್ತನೆಯೊಳಗೆ ಆವರ್ತನೆ ಎಂಬುದು ಕಿವಿಯಿಂದಲೇ ತಲೆಗೆ ಹೋಗುತ್ತದೆ. ಎರಡು ಕಟ್ಟುಪಾಡುಗಳನ್ನು ಮಾತ್ರ ನಾನು ಬಿಡುವುದಿಲ್ಲ. ಒಂದು, ಪ್ರೋಗ್ರಾಮನ್ನು ಓಡಿಸುವ ಮೊದಲು ಏನಾಗುತ್ತದೆಂಬ ಊಹೆಯನ್ನು ನೋಟುಪುಸ್ತಕದ ಎಡಪುಟದಲ್ಲಿ ಬರೆಯಬೇಕು, ಆದದ್ದನ್ನು ಬಲಪುಟದಲ್ಲಿ. ಇನ್ನೊಂದು ನಮಗೆ ಸೇರಿದ್ದು: ಮಗುವಿನ ಕೈಯಿಂದ ಮೌಸನ್ನು ತೆಗೆದುಕೊಳ್ಳಬಾರದು. ಕೈಕಟ್ಟಿ ನಿಲ್ಲುವುದು ಕಲಿಸುವವನಿಗೆ ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು.

ಎಂಟನೆಯ ತರಗತಿಯ ಹೊತ್ತಿಗೆ, ಆಜ್ಞೆಗಳನ್ನು ಟೈಪ್ ಮಾಡಿ ಬರೆಯುವ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನಿಗೆ ಬರಬಹುದು. ಇಲ್ಲಿ ನಾನು ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯಂದಿರು ಅಟ್ಟದಿಂದ ಇಳಿಸುತ್ತಿದ್ದ ಚೆನ್ನೆಮಣೆಯನ್ನು ಮೇಜಿನ ಮೇಲೆ ಇಡುತ್ತೇನೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಬೀಜ, ಒಟ್ಟು 56. ಆಟದ ನಿಯಮಗಳು ಊರಿಂದೂರಿಗೆ ಬೇರೆ. ಪಾಠಕ್ಕೆ ನಾನು ಸರಳವಾದ ಒಂದನ್ನು ಗೊತ್ತುಮಾಡಿಕೊಂಡಿದ್ದೇನೆ. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯಲ್ಲಿ ಬೀಜವಿದ್ದರೆ ಅದನ್ನೆತ್ತಿ ಮುಂದುವರಿಯಬೇಕು. ಮುಂದಿನ ಗುಳಿ ಖಾಲಿಯಿದ್ದರೆ ಅದರ ಆಚೆಯ ಗುಳಿಯಲ್ಲಿರುವುದು ಆಡಿದವರ ಗಳಿಕೆ, ಅಲ್ಲಿಗೆ ಸರದಿ ಮುಗಿಯಿತು. ಒಂದು ವಾರ ಬರೀ ಆಡಲಿ. ಎರಡನೆಯ ವಾರ ಆ ನಿಯಮಗಳನ್ನು ಕಾಗದದಲ್ಲಿ ಬರೆಯಲಿ. ಮೂರನೆಯ ವಾರ ಕಂಪ್ಯೂಟರು.

ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದೆಂಬುದು ಹಲವರಿಗೆ ತಿಳಿದಿಲ್ಲ. ಕೆಳಗಿನ ಸಾಲುಗಳು ಹೀಗೆಯೇ ಓಡುತ್ತವೆ:

ಗುಳಿ = [4] * 14
ಎಲ್ಲಿ = 0
ಕೈ = ಗುಳಿ[ಎಲ್ಲಿ]
ಗುಳಿ[ಎಲ್ಲಿ] = 0

ಇದರ ಕೆಳಗೆ, ಕೈಯಲ್ಲಿ ಬೀಜ ಇರುವವರೆಗೆ ಎಂಬ ಅರ್ಥದ ವೈಲ್ ಸಾಲನ್ನು (while ಕೈ > 0:) ಬರೆದು, ಅದರೊಳಗೆ ಸ್ವಲ್ಪ ಜಾಗ ಬಿಟ್ಟು ಈ ಮೂರನ್ನು ಸೇರಿಸಬೇಕು:

ಎಲ್ಲಿ = (ಎಲ್ಲಿ + 1) % 14
ಗುಳಿ[ಎಲ್ಲಿ] = ಗುಳಿ[ಎಲ್ಲಿ] + 1
ಕೈ = ಕೈ - 1

ಪೈಥಾನಿನ ಮೀಸಲು ಪದಗಳು 35. ಮಕ್ಕಳಿಗೆ ಬೇಕಾಗುವುದು ಹತ್ತಕ್ಕಿಂತ ಕಡಿಮೆ. ಅವು ಇಂಗ್ಲಿಷಿನಲ್ಲೇ ಇರಲಿ, ಉಳಿದದ್ದೆಲ್ಲ ಮಗುವಿನ ಮಾತಾಗಿರಲಿ. ಒಂದು ಎಚ್ಚರಿಕೆಯೇನೆಂದರೆ, ಕನ್ನಡದಲ್ಲಿ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ನಾವು ಒತ್ತುವ ಕಣ್ಣಿಗೆ ಕಾಣದ ಚಿಹ್ನೆಯನ್ನು ಪೈಥಾನ್ ಹೆಸರುಗಳ ಒಳಗೆ ಒಪ್ಪುವುದಿಲ್ಲ. ತಪ್ಪೆಲ್ಲಿದೆ ಎಂದು ಹುಡುಕುತ್ತಾ ಒಂದು ಮಧ್ಯಾಹ್ನ ಕಳೆದಮೇಲೆ ನನಗಿದು ಗೊತ್ತಾಯಿತು. ಕನ್ನಡ ಪದದ ಉದ್ದವನ್ನು ಕೇಳಿದಾಗಲೂ ಒಂದು ಸೋಜಿಗ ಕಾಯುತ್ತಿರುತ್ತದೆ. ಕಾಸರಗೋಡು ಎಂಬುದರಲ್ಲಿ ನಾವು ಐದು ಅಕ್ಷರ ಎಣಿಸುತ್ತೇವೆ, ಪೈಥಾನ್ ಎಂಟು ಎನ್ನುತ್ತದೆ. ದೀರ್ಘ, ಓತ್ವ, ಕೊಂಬು ಮೂರಕ್ಕೂ ಯೂನಿಕೋಡಿನಲ್ಲಿ ಬೇರೆ ಬೇರೆ ಸಂಕೇತಗಳಿವೆ ಎಂಬುದನ್ನು ಮಕ್ಕಳೇ ಲೆಕ್ಕ ಹಾಕಿ ಹೇಳುವಂತೆ ಬಿಡಿ.

ಮೇಲಿನ ಸಾಲುಗಳಲ್ಲಿ ಮಕ್ಕಳು ಎಡವುವ ಜಾಗಗಳು ಮುಖ್ಯವಾಗಿ ಮೂರು, ಪಾಠದ ಸಾರವೆಲ್ಲ ಅಲ್ಲೇ ಇದೆ. ಮೊದಲನೆಯದು ಸಮ ಚಿಹ್ನೆ. ಗಣಿತದ ದೃಷ್ಟಿಯಿಂದ "ಕೈ = ಕೈ - 1" ಎಂಬುದು ಶುದ್ಧ ಸುಳ್ಳು, ಅದನ್ನು ಕಂಡು ಮುಖ ಗಂಟಿಕ್ಕಿದ ಮಗು ಗಣಿತವನ್ನು ಸರಿಯಾಗಿ ಕಲಿತಿದೆ ಎಂದೇ ಅರ್ಥ. ಬಲಗಡೆಯದನ್ನು ಮೊದಲು ಲೆಕ್ಕ ಹಾಕಿ, ಬಂದ ಉತ್ತರವನ್ನು ಎಡಗಡೆಯ ಹೆಸರಿಗೆ ಕೊಡು ಎಂಬ ಆಜ್ಞೆ ಅದು. ಗಟ್ಟಿಯಾಗಿ ಓದುವಾಗ "ಕೈ ಸಮ" ಎನ್ನದೆ "ಕೈ ಇನ್ನು ಮುಂದೆ" ಎಂದು ಓದಿಸಿದರೆ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ. ಮಣೆಯ ಗುಳಿಗೆ ಬೀಜ ಹಾಕಿದರೆ ಹಿಂದಿನವುಗಳ ಜೊತೆ ಸೇರುತ್ತದೆ, ಪೈಥಾನಿನಲ್ಲಿ ಸಮ ಚಿಹ್ನೆ ಹಿಂದಿನದನ್ನು ಅಳಿಸಿಬಿಡುತ್ತದೆ ಎಂಬ ವ್ಯತ್ಯಾಸವನ್ನೂ ಇಲ್ಲೇ ತೋರಿಸಬೇಕು.

ಎರಡನೆಯದು ಗುಳಿಯನ್ನು ಖಾಲಿ ಮಾಡುವ ಸಾಲು. ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಬಿಟ್ಟು ಬರೆದಿದ್ದಳು. ಪ್ರೋಗ್ರಾಮು ಯಾವ ದೂರೂ ಇಲ್ಲದೆ ಓಡಿತು. ಪ್ರತಿ ಸಲವೂ 14 ಗುಳಿಗಳ ಮೊತ್ತವನ್ನು ಬರೆಯಿಸಬೇಕೆಂಬುದು ನಮ್ಮ ಪದ್ಧತಿಯಾದ್ದರಿಂದ ಕೊನೆಯಲ್ಲಿ 60 ಎಂದು ಬಂತು. "ಮಾಷ್ಟ್ರೇ, ನಾಲ್ಕು ಬೀಜ ಹೆಚ್ಚಾಗಿದೆ" ಎಂದಳು. ಎಲ್ಲಿಂದ ಬಂತು ಎಂದು ನಾನು ಕೇಳಿದೆ, ಮತ್ತೆ ಮಾತಾಡಲಿಲ್ಲ. ಅವಳು ಮಣೆಯ ಹತ್ತಿರ ಹೋಗಿ ನಾಲ್ಕು ಬೀಜ ಎತ್ತಿದಳು, ಬರಿದಾದ ಗುಳಿಯನ್ನು ನೋಡಿದಳು, ಬೀಜಗಳನ್ನು ವಾಪಸು ಹಾಕಿದಳು, ಮತ್ತೊಮ್ಮೆ ಎತ್ತಿದಳು. ಕೈಯಿಂದ ಎತ್ತುವಾಗ ಗುಳಿ ತಾನಾಗಿ ಖಾಲಿಯಾಗುತ್ತದೆ, ಕಂಪ್ಯೂಟರಿನಲ್ಲಿ ಎತ್ತುವುದು ಒಂದು ಕೆಲಸ, ಖಾಲಿ ಮಾಡುವುದು ಇನ್ನೊಂದು ಕೆಲಸ ಎಂದು ಅವಳಿಗೆ ಹೊಳೆದದ್ದು ಆಗ. ಆ ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ ಏನಾಗುತ್ತದೆಂದು ಮುಂದಿನ ಪ್ರಶ್ನೆಯನ್ನು ಅವಳೇ ಹಾಕಿಕೊಂಡಳು. ಮೊದಲೇ ಖಾಲಿ ಮಾಡಿದರೆ ಕೈಗೆ ಬರುವುದು ಸೊನ್ನೆ, ಒಂದು ಬೀಜವೂ ಕದಲುವುದಿಲ್ಲ.

ಮೂರನೆಯದು ಸುತ್ತು. ಗುಳಿಗಳ ಎಣಿಕೆ ಪೈಥಾನಿನಲ್ಲಿ ಸೊನ್ನೆಯಿಂದ 13ರವರೆಗೆ. ನಮ್ಮ ಕಡೆಯ ಸಾಲು ಎಡದಿಂದ ಬಲಕ್ಕೆ 0ಯಿಂದ 6, ಎದುರಿನ ಸಾಲು ಬಲದಿಂದ ಎಡಕ್ಕೆ 7ರಿಂದ 13. ಹದಿಮೂರರ ಮುಂದೆ 14 ಎಂದು ಹೋದರೆ ಅಂತಹ ಗುಳಿಯೇ ಇಲ್ಲವೆಂದು ಕೆಂಪು ಅಕ್ಷರದ ದೂರು ಬರುತ್ತದೆ. ನಾಲ್ಕನೆಯ ತರಗತಿಯಲ್ಲಿ ಭಾಗಾಕಾರದ ಕೊನೆಗೆ ಉಳಿಯುತ್ತಿದ್ದ ಶೇಷ ಇಲ್ಲಿ ಕೆಲಸಕ್ಕೆ ಬರುತ್ತದೆ, % ಚಿಹ್ನೆ ಕೊಡುವುದು ಅದನ್ನೇ. 14ನ್ನು 14ರಿಂದ ಭಾಗಿಸಿದರೆ ಶೇಷ ಸೊನ್ನೆ, ಹಾಗಾಗಿ ಹೊರಟಲ್ಲಿಗೇ ಬಂದು ಸೇರುತ್ತೇವೆ. ಗಡಿಯಾರದ ಮುಳ್ಳು ಮಾಡುವುದೂ ಇದನ್ನೇ. ಇಂಗ್ಲಿಷಿನ ದೂರುಗಳನ್ನು ಕಂಡು ಹೆದರುವ ಮಕ್ಕಳಿಗೆ ಕೊನೆಯ ಸಾಲನ್ನು ಮಾತ್ರ ಓದಲು ಹೇಳಿ, ಪದೇ ಪದೇ ಬರುವ ನಾಲ್ಕೈದರ ಕನ್ನಡ ಅರ್ಥವನ್ನು ಗೋಡೆಗೆ ಅಂಟಿಸಿಡಿ.

ಎಲ್ಲ ತೀರ್ಮಾನಗಳೂ ಹೀಗೆ ನಿಯಮಕ್ಕೆ ದಕ್ಕುವುದಿಲ್ಲ ಎಂಬುದನ್ನೂ ಮಕ್ಕಳು ತಿಳಿಯಬೇಕು. ಚಾಲಿಯಿಂದ (ಒಣಗಿಸಿ ಸುಲಿದ ಅಡಿಕೆಯಿಂದ) ಪಟೋರ, ಉಳ್ಳಿ, ಕರಿಗೋಟು ಎಂಬ ಕೆಳದರ್ಜೆಯವುಗಳನ್ನು ಬೇರ್ಪಡಿಸುವ ಕ್ರಮವನ್ನು ಮನೆಯಲ್ಲಿ ಕೇಳಿ ಬರೆದು ತರಲು ಹೇಳಿದರೆ, "ಕಣ್ಣಿಗೇ ಗೊತ್ತಾಗುತ್ತದೆ ಎಂದರು ಅಜ್ಜ" ಎಂಬ ಉತ್ತರದೊಂದಿಗೆ ಬರುತ್ತಾರೆ. ಹಾಗಾದರೆ ಯಂತ್ರಕ್ಕೆ ನಿಯಮದ ಬದಲು ಸಾವಿರ ಅಡಿಕೆಗಳನ್ನು ತೋರಿಸಿ ಕಲಿಸಬೇಕಾದೀತು ಎಂಬ ಮಾತು ಸಹಜವಾಗಿ ಬರುತ್ತದೆ, ಕೇರಳದ ಏಳನೆಯ ತರಗತಿಯ ಐಸಿಟಿ ಪುಸ್ತಕಕ್ಕೆ ಬಂದಿರುವ ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಅದೇ ಪೀಠಿಕೆಯಾಗುತ್ತದೆ.

ಚೆನ್ನೆಮಣೆಯ ಪ್ರೋಗ್ರಾಮು ಪೂರ್ತಿಯಾದ ಮೇಲೆ ಒಂದು ಪ್ರಶ್ನೆ ಕೊಡಿ: ಆಟದ ಮೊದಲ ಸರದಿಯಲ್ಲಿ ಯಾವ ಗುಳಿಯಿಂದ ಹೊರಟರೆ ಗಳಿಕೆ ಹೆಚ್ಚು? ಪ್ರತಿಯೊಬ್ಬರಿಗೂ ಅವರವರ ಅದೃಷ್ಟದ ಗುಳಿಯಿರುತ್ತದೆ, ಅಜ್ಜಿ ಹೇಳಿಕೊಟ್ಟದ್ದೂ ಇರಬಹುದು. ಎಲ್ಲಿಂದ ಹೊರಟರೂ ಏಳು ಸಲ ಬೀಜ ಎತ್ತಿದ ಬಳಿಕ ಗಳಿಕೆ 6 ಎಂದೇ ಬರುತ್ತದೆ. ಪ್ರೋಗ್ರಾಮು ಕೆಟ್ಟಿದೆ ಎಂದು ಅರ್ಧ ತರಗತಿ ವಾದಿಸುತ್ತದೆ. ಎಲ್ಲ ಗುಳಿಗಳಲ್ಲೂ ಅಷ್ಟಷ್ಟೇ ಬೀಜ, ಮಣೆಯೋ ಒಂದು ಬಳೆ, ಬಳೆಗೆ ಮೊದಲಿಲ್ಲ ಎಂದು ಯಾರಾದರೂ ಹೇಳುವವರೆಗೆ ತಾಳ್ಮೆಯಿಂದಿರಬೇಕು. ಆಮೇಲೆ ಮೊದಲ ಸಾಲಿನ 4ನ್ನು ಬದಲಿಸಲು ಬಿಡಿ. ಗುಳಿಗೆ 1 ಬೀಜವಿದ್ದರೆ ಗಳಿಕೆ 2, 2 ಇದ್ದರೆ 3, 3 ಇದ್ದರೆ 4. ಇಟ್ಟದ್ದಕ್ಕಿಂತ ಒಂದು ಹೆಚ್ಚು ಎಂಬ ಸೂತ್ರವನ್ನು ಮಕ್ಕಳು ಕೂಡಲೇ ಬರೆದುಬಿಡುತ್ತಾರೆ, ಮರುಕ್ಷಣವೇ ನಾಲ್ಕಕ್ಕೆ ಆರು ಬಂದಿತ್ತಲ್ಲ ಎಂದು ನೆನಪಾಗಿ ನೋಟುಪುಸ್ತಕದ ಎಡಪುಟಕ್ಕೆ ಮರಳುತ್ತಾರೆ. 5 ಬೀಜವಿದ್ದರೆ ಎಷ್ಟೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.