ರಾತ್ರಿ ಹತ್ತಕ್ಕೆ ಹೊರಟು ಬೆಳಗ್ಗೆ ಮಲಗಿದೆವು: ಲೋಫೋಟೆನ್‌ನಿಂದ ಟ್ರೋಮ್ಸೋವರೆಗೆ ನನ್ನ ಅನುಭವ

ಉತ್ತರ ನಾರ್ವೆಯಲ್ಲಿ ಲೋಫೋಟೆನ್ ದ್ವೀಪಗಳಿಂದ ಟ್ರೋಮ್ಸೋ ಊರಿನವರೆಗೆ ಕಾರಿನಲ್ಲಿ ಹೋಗುವ ಇದೇ ದಾರಿಯಲ್ಲಿ 2018ರಲ್ಲಿ ಇಬ್ಬರು ಗೆಳೆಯರ ಜೊತೆ ಹೋಗಿ ಸೋತು ಬಂದವನು ನಾನು. ಎಲ್ಲರ ಹಾಗೆ ಬೆಳಗ್ಗೆ ಒಂಬತ್ತಕ್ಕೆ ಹೊರಡುತ್ತಿದ್ದೆವು. ಲೋಫೋಟೆನ್ ತುದಿಯ ರೈನೆ ಊರು ಮುಟ್ಟುವಾಗ ಪಾರ್ಕಿಂಗ್ ಫುಲ್. ಎದುರಿಗೆ ಸಾಲುಗಟ್ಟಿ ಬರುವ ಕ್ಯಾಂಪರ್ ವ್ಯಾನುಗಳು. ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಯ ಮುಂದೆ ಕಾದು ಕಾದು ಸಾಕಾಯಿತು. ಆಂಡೆನೆಸ್‌ನಲ್ಲಿ ಫೆರಿ ಹೊರಡುವ ಇಪ್ಪತ್ತು ನಿಮಿಷ ಮುಂಚೆ ಹೋದೆವು, ಸಾಲು ಅಷ್ಟೊತ್ತಿಗೇ ತುಂಬಿತ್ತು. ಆ ಇಡೀ ದಿನ ಹಾಳು, ಆಚೆ ದಡದ ಸೆನ್ಯಾ ದ್ವೀಪದಲ್ಲಿ ದುಡ್ಡು ಕಟ್ಟಿದ್ದ ರೂಮಿಗೆ ಹೋಗಿ ಮುಟ್ಟಲೂ ಇಲ್ಲ.

ವಾಪಸ್ ಬಂದ ಮೇಲೆ ನನಗೆ ಹೊಳೆದದ್ದು ಇಷ್ಟೇ. ಜೂನ್ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಹಾಗಿದ್ದರೆ ಹಗಲಿಗೇ ಯಾಕೆ ಅಂಟಿಕೊಳ್ಳಬೇಕು? ರಾತ್ರಿ ಹತ್ತಕ್ಕೆ ಹೊರಟು ಬೆಳಗ್ಗೆ ಆರಕ್ಕೆ ಬಂದು ಮಲಗುವುದು. ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. ಭಾವ, "ರಾತ್ರಿ ಗಾಡಿ ಓಡಿಸಲಿಕ್ಕೆ ಅಷ್ಟು ದೂರ ಹೋಗಬೇಕಾ ಮಾರಾಯ?" ಅಂದರು. ಬೆಂಗಳೂರಿನ ಒಬ್ಬ ಏಜೆಂಟ್ ತಲೆಗೆ ನಾಲ್ಕು ಲಕ್ಷದ ಹತ್ತಿರ ಹೇಳಿ, ನನ್ನ ಪ್ಲಾನ್ ನೋಡಿ "ಇದು ಆಗಲ್ಲ ಸಾರ್" ಅಂತ ಕಾಗದ ವಾಪಸ್ ಕೊಟ್ಟ. 2024ರ ಜೂನ್ ಕೊನೆಗೆ ನಾನು, ಹೆಂಡತಿ, ಅಕ್ಕ, ಭಾವ ನಾಲ್ಕೂ ಜನ ಹೋಗಿ ಹನ್ನೆರಡು ರಾತ್ರಿ ಮುಗಿಸಿ ಬಂದೆವು. ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ.

ವೀಸಾ, ಐಡಿಪಿ (ಹೊರದೇಶದಲ್ಲಿ ಗಾಡಿ ಓಡಿಸುವ ಪರವಾನಗಿ), ಇನ್ಶೂರೆನ್ಸ್ ಎಲ್ಲ ನಿಮಗೆ ಗೊತ್ತಿರುವುದೇ. ಬಿಟ್ಟುಬಿಡುತ್ತೇನೆ.

ಕಾರು ತೆಗೆದುಕೊಂಡದ್ದು ಎವೆನೆಸ್ ಏರ್‌ಪೋರ್ಟಿನಲ್ಲಿ, ವಾಪಸ್ ಕೊಟ್ಟದ್ದೂ ಅಲ್ಲೇ. ಟ್ರೋಮ್ಸೋದಲ್ಲಿ ಬಿಟ್ಟರೆ ಒನ್‌ವೇ ಚಾರ್ಜ್ ಅಂತ ಎರಡು ಸಾವಿರ ಕ್ರೋನ್ ಮೇಲೆ ಕೇಳುತ್ತಾರೆ. ಒಂದು ಕ್ರೋನಿಗೆ ನಾನು 8 ರೂಪಾಯಿ ಲೆಕ್ಕ ಹಿಡಿದೆ. ಅಂದರೆ ಹದಿನಾರು ಸಾವಿರ ರೂಪಾಯಿ ಸುಮ್ನೆ ಹೋಗುತ್ತದೆ. ಟ್ರೋಮ್ಸೋದಿಂದ ಎವೆನೆಸ್‌ಗೆ ನಾಲ್ಕು ನಾಲ್ಕೂವರೆ ಗಂಟೆ ದಾರಿ, ಪೆಟ್ರೋಲಿಗೆ ಅದರ ಕಾಲು ಭಾಗವೂ ಬೇಡ.

ಈ ಪದ್ಧತಿಯ ಜೀವ ಇರುವುದು ವಾಸ್ತವ್ಯದಲ್ಲಿ. ದಿನಕ್ಕೊಂದು ಊರು ಅಂತ ಹೋದರೆ ಕೆಟ್ಟಿರಿ. ಬೆಳಗ್ಗೆ ಆರಕ್ಕೆ ಮಲಗಿದವರನ್ನು ಹನ್ನೊಂದಕ್ಕೆ ರೂಮು ಖಾಲಿ ಮಾಡಿ ಅಂತಾರೆ. ಅದಕ್ಕೆ ನಾಲ್ಕೇ ನೆಲೆ ಮಾಡಿದೆ. ಲೋಫೋಟೆನ್ ನಡುವಿನ ಲೆಕ್ನೆಸ್ ಹತ್ತಿರ ಐದು ರಾತ್ರಿ, ಆಂಡೆನೆಸ್ ಕಡೆ ಎರಡು, ಸೆನ್ಯಾದಲ್ಲಿ ಮೂರು, ಟ್ರೋಮ್ಸೋ ಹತ್ತಿರದ ಸೊಮ್ಮಾರೊಯ್ ಕಡೆ ಎರಡು. ರೈನೆಯಲ್ಲಿ ನೀರಿನ ಮೇಲೆ ನಿಂತ ಕೆಂಪು ರೋರ್ಬುವಿಗೆ, ಅಂದರೆ ಮೀನುಗಾರರ ಮರದ ಮನೆಗೆ, ದುಪ್ಪಟ್ಟು ರೇಟು. ಲೆಕ್ನೆಸ್‌ನಿಂದ ರೈನೆಗೆ ಒಂದು ಗಂಟೆ, ಹೆನ್ನಿಂಗ್ಸ್‌ವೇರ್‌ಗೂ ಹೆಚ್ಚುಕಮ್ಮಿ ಅಷ್ಟೇ. ನಡುವೆ ಕೂತರೆ ಎರಡೂ ಕೈಗೆ ಸಿಗುತ್ತದೆ.

ಮೊದಲ ಎರಡು ದಿನ ನಾವೂ ಒದ್ದಾಡಿದೆವು. ಕರ್ಟನ್ ತೆಳು, ಬೆಳಗ್ಗೆ ಏಳರ ಬಿಸಿಲು ನೇರ ಮುಖಕ್ಕೆ. ಭಾವ ಎದ್ದು ಕೂತು, ನಾಳೆಯಿಂದ ಹಗಲೇ ಹೋಗೋಣ ಅಂದರು. ಮೂರನೇ ದಿನ ಲೆಕ್ನೆಸ್ ಪೇಟೆಯಿಂದ ಅಡುಗೆಯ ಅಲ್ಯೂಮಿನಿಯಂ ಫಾಯಿಲ್ ಎರಡು ರೋಲ್ ತಂದೆ. ಕಿಟಕಿ ಗಾಜಿಗೆ ನೀರು ಸವರಿ ಫಾಯಿಲ್ ಒತ್ತಿದರೆ ಟೇಪ್ ಇಲ್ಲದೇ ಅಂಟಿ ಕೂರುತ್ತದೆ, ಬಿಡಿಸಿದರೆ ಗುರುತೂ ಉಳಿಯುವುದಿಲ್ಲ. ಆಮೇಲೆ ಎಲ್ಲರೂ ಮಧ್ಯಾಹ್ನ ಎರಡರ ತನಕ ಗಡದ್ದಾಗಿ ನಿದ್ದೆ. ಸಂಜೆ ಅಡುಗೆ, ಅಂಗಡಿ, ಫೋನು. ಅಂಗಡಿ ಕೆಲಸ ಶನಿವಾರವೇ ಮುಗಿಸಿ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಪೆಟ್ರೋಲ್ ಬಂಕ್ ಚಿಂತೆ ಇಲ್ಲ, ಕಾರ್ಡ್ ಹಾಕಿದರೆ ರಾತ್ರಿ ಮೂರಕ್ಕೂ ತುಂಬಿಸಿಕೊಳ್ಳಬಹುದು.

ರಸ್ತೆ ಖಾಲಿ ಅಂದರೆ ಎಷ್ಟು ಖಾಲಿ? ರಾತ್ರಿ ಒಂದಕ್ಕೆ ರೈನೆಯ ಪಾರ್ಕಿಂಗಿನಲ್ಲಿ ನಮ್ಮದು ಬಿಟ್ಟರೆ ಎರಡೇ ಕಾರು. ಊರಿನ ಮೇಲಿರುವ ರೈನೆಬ್ರಿಂಗೆನ್ ಬೆಟ್ಟ ಹತ್ತಿದೆವು. 448 ಮೀಟರ್, ನೇಪಾಳದ ಶೆರ್ಪಾಗಳು ಕಟ್ಟಿದ ಕಲ್ಲಿನ ಮೆಟ್ಟಿಲು, ಎರಡು ಸಾವಿರಕ್ಕೆ ಸ್ವಲ್ಪ ಕಮ್ಮಿ. 2018ರಲ್ಲಿ ಈ ಮೆಟ್ಟಿಲು ಪೂರ್ತಿ ಆಗಿರಲಿಲ್ಲ. ಅಕ್ಕನಿಗೆ ಐವತ್ತೈದು ವಯಸ್ಸು, ಮೊಣಕಾಲು ನೋವು. ಹಿಂದೆ ಯಾರೂ ತಳ್ಳುವವರಿಲ್ಲ, ಮುಂದೆ ಯಾರೂ ಇಳಿಯುವವರಿಲ್ಲ. ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂತು, ನೀರು ಕುಡಿದು, ಎರಡೂವರೆ ಗಂಟೆಯಲ್ಲಿ ಮೇಲೆ ಬಂದಳು. ಹಗಲಿನ ನೂಕುನುಗ್ಗಲಿನಲ್ಲಿ ಅವಳು ಅರ್ಧಕ್ಕೇ ತಿರುಗುತ್ತಿದ್ದಳು. ಇದನ್ನು ಖಂಡಿತ ಹೇಳಬಲ್ಲೆ.

ಎಡಗಡೆ ಓಡಿಸಿ ರೂಢಿಯಾದ ನಮಗೆ ಬಲಗಡೆ ಕಲಿಯಲಿಕ್ಕೂ ರಾತ್ರಿಯೇ ಒಳ್ಳೆಯದು. ಕಿರಿದಾದ ರಸ್ತೆಯಲ್ಲಿ 'ಎಂ' ಅಕ್ಷರದ ನೀಲಿ ಫಲಕ ಇರುವಲ್ಲಿ ಸರಿದು ನಿಂತು ಎದುರಿನ ಗಾಡಿಗೆ ದಾರಿ ಬಿಡಬೇಕು. ಇಡೀ ರಾತ್ರಿಗೆ ಅಂಥದ್ದು ನಾಲ್ಕೈದು ಸಲ ಬಂದರೆ ಜಾಸ್ತಿ. ಅಪಾಯ ಬೇರೆ ಇದೆ. ಉನ್‌ಸ್ಟಾಡ್ ದಾರಿಯಲ್ಲಿ ತಿರುವು ದಾಟಿದ್ದೇ ರಸ್ತೆ ಮಧ್ಯೆ ಕುರಿ, ಪಕ್ಕದಲ್ಲಿ ಎರಡು ಮರಿ. ಹಗಲ ಬಿಸಿಲಿಗೆ ಕಾದ ಡಾಂಬರಿನ ಮೇಲೆ ಹೊಟ್ಟೆ ಊರಿ ಮಲಗಿ ಮೆಲುಕು ಹಾಕುತ್ತಿದ್ದವು. ಹಾರ್ನ್ ಹೊಡೆದರೆ ಕಿವಿ ಮಾತ್ರ ಅಲ್ಲಾಡಿಸಿತು. ಇಳಿದು ಹೋಗಿ ಹತ್ತಿರ ನಿಂತ ಮೇಲೆ ಎದ್ದದ್ದು. ಆಂಡೊಯ್ ದ್ವೀಪದ ಜೌಗಿನಲ್ಲಿ ಕಡವೆಗಿಂತ ಎತ್ತರದ ಮೂಸ್‌ಗಳು ರಾತ್ರಿಯೇ ಹೊರಗೆ ಬರುತ್ತವೆ. ನಮಗೆ ಒಂದೇ ರಾತ್ರಿ ಏಳು ಕಂಡವು. ಅಲ್ಲಿ 50ರ ಮೇಲೆ ಹೋಗಬೇಡಿ. ಊರೊಳಗೆ ಬಂದಾಗ ಕಾರಿನ ಬಾಗಿಲು ದಡಾರನೆ ಹಾಕಬೇಡಿ, ಜನ ಮಲಗಿರುತ್ತಾರೆ.

ಊಟದ ವಿಷಯ. ಗೊಜ್ಜವಲಕ್ಕಿ, ಹುಳಿಪುಡಿ, ಅಕ್ಕಿಹಿಟ್ಟು ಒಯ್ದಿದ್ದೆವು. ತುಪ್ಪ ಒಯ್ಯಬೇಡಿ, ಹೊರಗಿನಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ನಾವು ಕುಂದಾಪುರದ ಕಡೆಯವರು, ಅಲ್ಲಿ ಮೀನು ಒಣಗಿಸುವ ಮರದ ಅಟ್ಟಣಿಗೆ ನೋಡಿ ಸುಮ್ಮನಿರಲು ಆಗಲಿಲ್ಲ. ಫೆಬ್ರವರಿಯಿಂದ ಮೇವರೆಗೆ ಕಾಡ್ ಮೀನನ್ನು ಜೋಡಿ ಜೋಡಿ ಬಾಲ ಕಟ್ಟಿ ತೂಗುಹಾಕುತ್ತಾರೆ. ನಮ್ಮ ಒಣಮೀನಿನ ಹಾಗೆ ಉಪ್ಪು ಹಾಕುವುದಿಲ್ಲ, ತಣ್ಣನೆ ಗಾಳಿಯೇ ಒಣಗಿಸುತ್ತದೆ. ನಾವು ಹೋದಾಗ ಅಟ್ಟಣಿಗೆ ಖಾಲಿ, ವಾಸನೆ ಮಾತ್ರ ಇತ್ತು. ಅಂಗಡಿಯಿಂದ ಒಂದು ಮೀನು ತಂದೆ. ಸೌದೆ ತುಂಡಿನ ಹಾಗಿತ್ತು. ಒಂದು ರಾತ್ರಿ ನೆನೆಸಿ ಕಾಯಿಹಾಲು ಹಾಕಿ ಹುಳಿ ಮಾಡಿದರೆ ಹಲ್ಲಿಗೆ ಸಿಗಲಿಲ್ಲ. ವಾರದಷ್ಟು ದಿನ ದಿನಾ ನೀರು ಬದಲಿಸಿ ನೆನೆಸಬೇಕಂತೆ. ಉಳಿದ ಅರ್ಧ ಮೀನನ್ನು ಐಸ್‌ಕ್ರೀಂ ಡಬ್ಬಿಯಲ್ಲಿ ನೆನೆಸಿಕೊಂಡೇ ಸೆನ್ಯಾಕ್ಕೆ ಒಯ್ದೆವು. ಆರನೇ ದಿನ ಮಾಡಿದ ಹುಳಿ ಬೇರೆಯೇ ಆಗಿತ್ತು. ಎಳೆಎಳೆಯಾಗಿ ಬಿಚ್ಚಿಕೊಂಡಿತು, ಭಾವ ಎರಡು ಸಲ ಬಡಿಸಿಕೊಂಡರು.

ಫೆರಿ ಇರುವ ದಿನ ಮಾತ್ರ ಈ ಪದ್ಧತಿ ನಡೆಯುವುದಿಲ್ಲ. ಆಂಡೆನೆಸ್‌ನಿಂದ ಸೆನ್ಯಾದ ಗ್ರಿಲ್ಲೆಫ್ಯೋರ್ಡ್‌ಗೆ ನಾವು ಹೋದಾಗ ಹಡಗು ಇದ್ದದ್ದು ಹಗಲಲ್ಲಿ, ದಿನಕ್ಕೆ ಎರಡು ಮೂರು. ಈ ಸಲ ನಮ್ಮ ಕಾರು ಸಾಲಿನಲ್ಲಿ ಎರಡನೆಯದು. ಅದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಮಾಡಿದರೆ ನನಗೇ ಜಾಗ ಸಿಗಲಿಕ್ಕಿಲ್ಲ. ಸೆನ್ಯಾದಲ್ಲಿ ತುಂಗೆನೆಸೆಟ್‌ನ ಮರದ ಹಾದಿಯ ತುದಿಯಲ್ಲಿ, ಒಕ್ಸ್‌ಹೊರ್ನಾನ್‌ನ ಗರಗಸದಂಥ ಶಿಖರಗಳ ಎದುರು ರಾತ್ರಿ ಹನ್ನೆರಡರಿಂದ ಎರಡರವರೆಗೆ ಕೂತಿದ್ದೆವು. ಬಂಡೆಯ ಮೇಲಿನ ನೀರಿನ ಗುಂಡಿಗಳೆಲ್ಲ ಕಿತ್ತಳೆ ಬಣ್ಣ. ಮಾತು ಯಾರಿಗೂ ಬೇಡವಾಗಿತ್ತು.

ಸೊಮ್ಮಾರೊಯ್ ದ್ವೀಪದವರು ಗಡಿಯಾರವನ್ನೇ ರದ್ದು ಮಾಡುತ್ತಾರೆ ಅಂತ 2019ರಲ್ಲಿ ಸುದ್ದಿ ಓಡಿತ್ತಲ್ಲ, ಅದು ಪ್ರವಾಸೋದ್ಯಮದ ಪ್ರಚಾರ ಅಂತ ಆಮೇಲೆ ಗೊತ್ತಾಯಿತು. ಪ್ರಚಾರವಾದರೂ ಮಾತು ಸುಳ್ಳಲ್ಲ. ಅಲ್ಲಿ ನಾವು ರಾತ್ರಿ ಎರಡಕ್ಕೆ ಬಿಳಿ ಮರಳಿನ ಮೇಲೆ ಕೂತು ಅಕ್ಕಿರೊಟ್ಟಿ ತಿಂದೆವು.

ನೆನಪಿದ್ದಷ್ಟು ಲೆಕ್ಕ: ಕಾರು 1 ಲಕ್ಷ 10 ಸಾವಿರ, ಮನೆ ಬಾಡಿಗೆ ಒಂದೂವರೆ ಲಕ್ಷ, ಪೆಟ್ರೋಲು 20 ಸಾವಿರ, ಊಟ 45ರಿಂದ 50, ಫೆರಿ 12ರ ಸುಮಾರು. ನಾಲ್ಕು ಜನಕ್ಕೆ ಎಲ್ಲ ಸೇರಿ 3 ಲಕ್ಷ 40 ಸಾವಿರ. ವಿಮಾನ ತಲೆಗೆ 90 ಸಾವಿರ ಸೇರಿಸಿದರೂ ಒಬ್ಬರಿಗೆ 1 ಲಕ್ಷ 75 ಸಾವಿರದ ಹತ್ತಿರ. ಒಂದು ಕಡೆ ಮಾತ್ರ ಕೈ ಸುಟ್ಟಿತು. ಟೋಲು, ಫೆರಿಯ ಕೆಲವು ಬಿಲ್ಲು ಕಾರಿನ ಕಂಪನಿ ಮೂಲಕ ತಿಂಗಳ ಮೇಲೆ ಬಂದವು. ಪ್ರತಿಯೊಂದಕ್ಕೂ ಬೇರೆ ಬೇರೆ ಸರ್ವಿಸ್ ಚಾರ್ಜ್ ಹಾಕಿ ನಾಲ್ಕೈದು ಸಾವಿರ ರೂಪಾಯಿ ಕಿತ್ತರು. ಕಾರು ತೆಗೆದುಕೊಳ್ಳುವಾಗಲೇ ಈ ಚಾರ್ಜ್ ಎಷ್ಟು ಅಂತ ಬರೆಸಿಕೊಳ್ಳಿ.

ಕೊನೆಯ ರಾತ್ರಿ ಹನ್ನೆರಡಕ್ಕೆ ಟ್ರೋಮ್ಸೋ ಬಿಟ್ಟೆವು. ಭಾವ ಓಡಿಸುತ್ತಿದ್ದರು. ಬೆಳಗ್ಗೆ ಐದಕ್ಕೆ ಎವೆನೆಸ್‌ನಲ್ಲಿ ಕೀ ಡಬ್ಬಿಗೆ ಹಾಕುವಾಗ ಮೀಟರ್ ನೋಡಿದೆ, 1,900 ಚಿಲ್ಲರೆ ಕಿಲೋಮೀಟರ್. ಬಾಡಿಗೆ ಆಫೀಸಿನ ಬಾಗಿಲು ಇನ್ನೂ ತೆರೆದಿರಲಿಲ್ಲ.