ದಲಾಲಿ ಅಂಗಡಿಯ ಕಂಪ್ಯೂಟರಿಗೆ ಕೀಲಿ ಹಾಕುವ ಕ್ರಮ

ವಿಜಯಪುರದ ಎಪಿಎಂಸಿಯಲ್ಲಿ ಒಣದ್ರಾಕ್ಷಿ ವ್ಯವಹಾರ ನಡೆಸುವ ಎಷ್ಟೋ ದಲಾಲಿ ಅಂಗಡಿಗಳಲ್ಲಿ ಇರುವುದು ಒಂದೇ ಕಂಪ್ಯೂಟರ್. ಮಾಲೀಕರು, ಗುಮಾಸ್ತರು, ಆಗಾಗ ಬರುವ ಲೆಕ್ಕಿಗರು ಎಲ್ಲರೂ ಒಂದೇ ಪಾಸ್‌ವರ್ಡಿನಿಂದ ಅದನ್ನು ತೆರೆಯುತ್ತಾರೆ. ಕಿರ್ದಿ, ಖತಾವಣಿಗಳನ್ನು ತಿಜೋರಿಯಲ್ಲಿಟ್ಟು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಮನೆತನದವರೇ ರೈತರ ಬ್ಯಾಂಕ್ ಖಾತೆಯ ವಿವರಗಳನ್ನು ಹೀಗೆ ಬಯಲಿಗಿಟ್ಟಿರುವುದು ಸೋಜಿಗ. ಯಾವ ಪಟ್ಟಿಯನ್ನು (ಮಾರಾಟದ ಲೆಕ್ಕದ ಚೀಟಿಯನ್ನು) ಯಾರು ತಿದ್ದಿದರೆಂಬುದೇ ತಿಳಿಯದ ಕಡೆ ಉಳಿದ ರಕ್ಷಣೆಗಳಿಗೆ ಬೆಲೆಯಿಲ್ಲವಾದ್ದರಿಂದ, ಕೆಲಸವನ್ನು ಬಳಕೆದಾರರ ಖಾತೆಗಳಿಂದಲೇ ಆರಂಭಿಸಬೇಕು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್ ಎಂಬಲ್ಲಿಗೆ ಹೋಗಿ ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲಿ ಖಾತೆ ತೆರೆಯಿರಿ. ಹೊಸ ಖಾತೆ ತಾನಾಗಿಯೇ ಸ್ಟ್ಯಾಂಡರ್ಡ್, ಅಂದರೆ ಸೀಮಿತ ಅಧಿಕಾರದ, ಬಗೆಯದಾಗಿರುತ್ತದೆ. ಅದನ್ನು ಹಾಗೆಯೇ ಬಿಡಿ. ಅಡ್ಮಿನಿಸ್ಟ್ರೇಟರ್ ಖಾತೆ ಒಂದೇ ಇದ್ದು, ತಂತ್ರಾಂಶ ಹಾಕುವಾಗ ಮಾತ್ರ ಬಳಕೆಯಾಗಲಿ. ದುರುದ್ದೇಶದ ತಂತ್ರಾಂಶವೊಂದು ನುಸುಳಿದಾಗ ಅದನ್ನು ತೆರೆದವರ ಖಾತೆಗಿರುವ ಅಧಿಕಾರವೇ ಅದಕ್ಕೂ ಸಿಗುವುದರಿಂದ, ಮಾಲೀಕರೂ ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆಯನ್ನೇ ಬಳಸುವುದು ಲೇಸು. (ಅವರನ್ನು ಇದಕ್ಕೆ ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟ.)

ಖಾತೆಗಳನ್ನು ಬೇರ್ಪಡಿಸಿದ ಮಾತ್ರಕ್ಕೆ ಡಿ ಡ್ರೈವ್‌ನಲ್ಲಿರುವ ಕಡತಗಳು ಮರೆಯಾಗುವುದಿಲ್ಲ. ಅಲ್ಲಿ ಎಲ್ಲ ಬಳಕೆದಾರರಿಗೂ ಸಾಮಾನ್ಯವಾಗಿ ಓದುವ, ತಿದ್ದುವ ಅನುಮತಿ ಇದ್ದೇ ಇರುತ್ತದೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ, ಬಳಿಕ ಅಡ್ವಾನ್ಸ್‌ಡ್ ಒತ್ತಿ, ಮೇಲಿನಿಂದ ಇಳಿದು ಬರುವ ಅನುಮತಿಯನ್ನು ಡಿಸೇಬಲ್ ಇನ್‌ಹೆರಿಟೆನ್ಸ್ ಮೂಲಕ ತಡೆಯಿರಿ. ಆಗ ಕೇಳುವ ಎರಡು ಆಯ್ಕೆಗಳಲ್ಲಿ ಕನ್ವರ್ಟ್ ಎಂಬುದನ್ನು ಆರಿಸಿ, ಯೂಸರ್ಸ್ ಮತ್ತು ಆಥೆಂಟಿಕೇಟೆಡ್ ಯೂಸರ್ಸ್ ಎಂಬ ಗುಂಪುಗಳನ್ನು ತೆಗೆದು, ಬೇಕಾದವರ ಹೆಸರನ್ನಷ್ಟೇ ಸೇರಿಸಿರಿ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯ ಕಡತಗಳಿಗೆ ಈ ಉಪಾಯ ಸಾಲದು, ಏಕೆಂದರೆ ಪಟ್ಟಿ ಬರೆಯುವ ಗುಮಾಸ್ತರಿಗೆ ಆ ಫೋಲ್ಡರ್ ತೆರೆದಿರಲೇಬೇಕು. ಅಲ್ಲಿ ತಂತ್ರಾಂಶದೊಳಗೇ ಬಳಕೆದಾರರನ್ನು ಬೇರ್ಪಡಿಸಿ, ಹಿಂದಿನ ದಿನಾಂಕದ ನಮೂದುಗಳನ್ನು ತಿದ್ದುವ ಅಧಿಕಾರವನ್ನು ಮಾಲೀಕರಿಗಷ್ಟೇ ಉಳಿಸಿರಿ.

ಇಷ್ಟಾದರೂ ಹಾರ್ಡ್ ಡಿಸ್ಕನ್ನು ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಈ ಅನುಮತಿಗಳು ಕೆಲಸಕ್ಕೆ ಬಾರವು. ವಿಂಡೋಸ್‌ನ ಪ್ರೊ ಆವೃತ್ತಿಯಿದ್ದರೆ, ಡಿಸ್ಕನ್ನೇ ಗೂಢಲಿಪಿಯಾಗಿಸುವ ಬಿಟ್‌ಲಾಕರ್ ಹಾಕಿ, ಅದು ಕೊಡುವ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಆ ಹಳೆಯ ತಿಜೋರಿಯಲ್ಲಿಯೇ ಇಡಿ. ಅದು ಕಳೆದರೆ ಮಾಲೀಕರಿಗೂ ಪ್ರವೇಶವಿಲ್ಲದಂತಾಗಬಹುದು.

ಬ್ಯಾಕಪ್ ವಿಷಯದಲ್ಲಿ ಒಂದೇ ತಪ್ಪು ಎಲ್ಲೆಡೆ ಕಾಣುತ್ತದೆ: ಹೊರಗಿನ ಡಿಸ್ಕನ್ನು ಹಗಲಿರುಳು ಸಿಕ್ಕಿಸಿಯೇ ಬಿಡುವುದು. 2017ರ ವಾನಾಕ್ರೈನಂಥ ರ‍್ಯಾನ್ಸಮ್‌ವೇರ್ (ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ತಂತ್ರಾಂಶ) ಜೋಡಿಸಿದ ಡಿಸ್ಕನ್ನೂ ಗೂಢಲಿಪಿಯಾಗಿಸುತ್ತದೆ. ಪ್ರತಿ ಸಂಜೆ ಬ್ಯಾಕಪ್ ತೆಗೆದ ಮೇಲೆ ಅದನ್ನು ಕಳಚಿರಿ. ಇನ್ನೊಂದು ಪ್ರತಿ ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಕಡತವನ್ನು ಮರಳಿ ತೆರೆದು, ಅಂಕಿಗಳು ಪಟ್ಟಿಯೊಡನೆ ತಾಳೆಯಾಗುತ್ತವೆಯೇ ಎಂದು ನೋಡಿರಿ.

ಗುಮಾಸ್ತರು ಕೆಲಸ ಬಿಟ್ಟ ದಿನವೇ ಅವರ ಖಾತೆಯನ್ನು ನಿಷ್ಕ್ರಿಯಗೊಳಿಸಬೇಕು. ಕೂಡಲೇ ಅಳಿಸಬಾರದು, ಅವರ ಡೆಸ್ಕ್‌ಟಾಪಿನಲ್ಲಿ ಯಾವುದೋ ರೈತರ ಉದ್ರಿಯ ಲೆಕ್ಕ ಉಳಿದಿರುವುದುಂಟು.